ಭಾರವಾದ ನೋವಿಗೆ ಹಗುರವಾದ ಹೆಸರು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಾತಿನಲ್ಲಿ ಇಂಗ್ಲಿಷ್ ಬೆರೆಯುವುದು ಹೊಸದಲ್ಲ. ಬಸ್ಸು, ಟಿಕೆಟ್ಟು ನಮ್ಮವೇ ಆಗಿವೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಗಂಭೀರ ಸಮಸ್ಯೆಗೆ ಹಗುರವಾದ ಇಂಗ್ಲಿಷ್ ಹೆಸರಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

‘ಈವ್ ಟೀಸಿಂಗ್’ ಎಂಬುದನ್ನೇ ತೆಗೆದುಕೊಳ್ಳಿ. ಈವ್ ಎಂದರೆ ನಮ್ಮೆಲ್ಲರ ಆದಿಮಾತೆ ಹವ್ವಾ. ಟೀಸಿಂಗ್ ಎಂದರೆ ಕೀಟಲೆ. ಬಸ್ಸಿನಲ್ಲಿ ಹೆಣ್ಣುಮಗಳ ಮೈ ಮುಟ್ಟುವುದು, ಮನೆಯವರೆಗೆ ಬೆನ್ನುಹತ್ತುವುದು ಕೀಟಲೆಯೇ? 1998ರಲ್ಲಿ ಚೆನ್ನೈಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಇಂತಹ ‘ಕೀಟಲೆ’ಗೆ ಪ್ರಾಣ ತೆತ್ತಳು. ಆಗ ತಮಿಳುನಾಡು ತಂದ ಕಾನೂನಿನ ಹೆಸರಿನಲ್ಲೂ ‘ಈವ್ ಟೀಸಿಂಗ್’ ಎಂದೇ ಇತ್ತು. ಮುಂದೆ ಅದನ್ನು ತೆಗೆದು ‘ಮಹಿಳೆಯರಿಗೆ ಕಿರುಕುಳ’ ಎಂಬ ಅರ್ಥದ ಹೆಸರಿಟ್ಟರು. ಕಾನೂನೇ ತನ್ನ ಮಾತನ್ನು ತಿದ್ದಿಕೊಂಡಿತು. ನಾವು ತಿದ್ದಿಕೊಂಡಿಲ್ಲ.

ನಂಜನಗೂಡಿಗೂ ಟಿ. ನರಸೀಪುರಕ್ಕೂ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬಸ್ಸಿನಲ್ಲೇ ಓದಲು ಬರುತ್ತಾರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಟಿಕೆಟ್ಟಿನ ಚಿಂತೆ ನೀಗಿತು. ದಾರಿಯ ಭಯ ನೀಗಿಲ್ಲ. ಮಗಳು ‘ಸ್ವಲ್ಪ ಟೀಸಿಂಗ್’ ಎನ್ನುತ್ತಾಳೆ. ಮನೆಯವರು ‘ಅಡ್ಜಸ್ಟ್ ಮಾಡ್ಕೋ’ ಎನ್ನುತ್ತಾರೆ. ಕೆಲವು ತಿಂಗಳಲ್ಲಿ ಕಾಲೇಜು ನಿಂತು ಅವಳು ‘ಡ್ರಾಪ್ ಔಟ್’ ಆಗುತ್ತಾಳೆ. 18 ತುಂಬುವ ಮೊದಲೇ ಮದುವೆ ಮಾಡಿ ‘ಸೆಟಲ್ ಮಾಡಿದೆವು’ ಎನ್ನುತ್ತೇವೆ. ನಾಲ್ಕು ಪದಗಳಲ್ಲಿ ಒಂದು ಮಗುವಿನ ಓದು ಮುಗಿಯಿತು. ಅವುಗಳಲ್ಲಿ ಒಂದಾದರೂ ತಪ್ಪಿತಸ್ಥನನ್ನು ತೋರಿಸುತ್ತದೆಯೇ? ಅವಳು ಶಾಲೆ ಬಿಟ್ಟವಳಲ್ಲ, ಬಿಡಿಸಲ್ಪಟ್ಟವಳು.

2006ರ ಸಾಚಾರ್ ವರದಿ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಶಾಲೆಗೇ ಹೋಗದವರು ಅಥವಾ ನಡುವೆ ಬಿಟ್ಟವರು ಎಂದಿತು. ಆ ಸಂಖ್ಯೆಯ ಹಿಂದೆ ಬಡತನವಿದೆ, ದೂರವಿದೆ, ಇಂತಹ ಭಯವೂ ಇದೆ.

ಸರಿಯಾದ ಹೆಸರು ಹೇಳಿದರೆ ದಾರಿ ಕಾಣುತ್ತದೆ. ‘ಟೀಸಿಂಗ್’ ಎಂದರೆ ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ‘ಲೈಂಗಿಕ ಕಿರುಕುಳ’ ಎಂದರೆ ಅದು ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 75ನೇ ಕಲಂ, ಬೆನ್ನುಹತ್ತುವುದಕ್ಕೆ 78ನೇ ಕಲಂ ಇದೆ. 18ರ ಒಳಗಿನವರಿಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆಯಿದೆ. ನೊಂದವಳು ದೂರಿದರೆ ಬಸ್ಸನ್ನು ಸಮೀಪದ ಪೊಲೀಸ್ ಠಾಣೆಗೇ ಒಯ್ಯಬೇಕೆಂದು ಸುಪ್ರೀಂ ಕೋರ್ಟ್ 2012ರ ನವೆಂಬರ್‌ನಲ್ಲಿ ನಿರ್ದೇಶಿಸಿದೆ. ತುರ್ತಿಗೆ 112, ಮಕ್ಕಳಿಗೆ 1098 ಇದೆ. ಈ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ತಂದೆ ತಾಯಂದಿರೇ, ಮಗಳು ಹೇಳಿದಾಗ ಮೊದಲು ಪೂರ್ತಿ ಕೇಳಿ. ಅವಳ ಓದನ್ನು ನಿಲ್ಲಿಸಬೇಡಿ, ಅವನ ಕೃತ್ಯವನ್ನು ನಿಲ್ಲಿಸಿ. ತರುಣರೇ, ನಿಮ್ಮ ಗೆಳೆಯ ತಮಾಷೆಗೆಂದು ಮಾಡಿದರೂ ತಡೆಯಿರಿ. ದೃಷ್ಟಿಯನ್ನು ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೇ.

ನೇರವಾದ ಮಾತು ವಿಶ್ವಾಸಿಯ ಹೊಣೆ ಎಂಬುದು ಪವಿತ್ರ ಕುರ್‌ಆನಿನ ಅಹ್ಝಾಬ್ ಅಧ್ಯಾಯದ ಬೋಧನೆ. ಆ ನೇರ ಮಾತನ್ನಾಡುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.