ಅರಳು, ಆಣ, ಅಂಟು ಕೈ

ತಾಯಂದಿರೆ, ತಂದೆಯರೆ, ಮಾತಿಗಿಂತ ಒಲೆಯ ಮೇಲಿನ ಬಾಣಲೆಯ ಕಡೆಗೇ ಕಣ್ಣಿಟ್ಟು ಕುಳಿತಿರುವ ಮಕ್ಕಳೆ,

ಶ್ರಾವಣ ಶುದ್ಧ ಪಂಚಮಿ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎರಡು ಸದ್ದು ಕೇಳಬೇಕು. ಒಂದು, ಮರದ ಕೊಂಬೆಗೋ ಮನೆಯ ತೊಲೆಗೋ ಕಟ್ಟಿದ ಜೋಕಾಲಿಯ ಹಗ್ಗದ ಕಿರುಗುಟ್ಟು. ಇನ್ನೊಂದು, ಕಾದ ಬಾಣಲೆಯಲ್ಲಿ ಜೋಳ ಅರಳುವ ಚಟಪಟ. ಮೊದಲನೆಯ ಸದ್ದು ಇನ್ನೂ ಅಷ್ಟೋ ಇಷ್ಟೋ ಉಳಿದಿದೆ. ಎರಡನೆಯದು ಅಡಿಗೆಮನೆಯಿಂದ ಭಟ್ಟಿಗೆ, ಭಟ್ಟಿಯಿಂದ ಅಂಗಡಿಗೆ ಸರಿದಿದೆ. ಪಂಚಮಿಯ ಉಂಡಿಗಳು ಈಗ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ರುಚಿಯಲ್ಲಿ ಅವು ಕಡಿಮೆಯೇನಲ್ಲ. ಆದರೆ ಅವುಗಳನ್ನು ಕಟ್ಟುವ ಕೆಲಸದಲ್ಲಿ ಮಕ್ಕಳ ಕೈಗೆ ಪಾಲಿಲ್ಲ. ಇಂದಿನ ಮಾತು ಆ ಪಾಲಿನ ಬಗ್ಗೆ.

ಮೊದಲು ಹೆಸರನ್ನು ನೋಡೋಣ. ಹೂವು ಬಿರಿಯುವುದಕ್ಕೂ ಕಾಳು ಬಿರಿಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ಅರಳು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಅದೇ ನಾಲಗೆಯ ಮೇಲೆ ಸವೆದು ‘ಅಳ್ಳು’ ಆಗಿದೆ. ತಡವರಿಸದೆ ಪಟಪಟ ಮಾತಾಡುವವರನ್ನು ‘ಅರಳು ಹುರಿದಂತೆ ಮಾತಾಡುತ್ತಾರೆ’ ಎನ್ನುತ್ತೇವೆ. ಅರಳು ಹುರಿಯುವುದನ್ನೇ ಕಾಣದ ಮಕ್ಕಳಿಗೆ ಈ ನುಡಿಗಟ್ಟು ಹೇಗೆ ಹತ್ತೀತು? ಪ್ರೆಷರ್ ಕುಕ್ಕರಿನಲ್ಲಿ ಪಾಪ್‌ಕಾರ್ನ್ ಸಿಡಿಯುವುದನ್ನು ಕೇಳಿದ ಮಗುವಿಗಾದರೂ ಅದು ತಿಳಿದೀತು, ಅಷ್ಟರಮಟ್ಟಿಗೆ ಪಾಪ್‌ಕಾರ್ನ್ ನಮ್ಮ ನುಡಿಗಟ್ಟಿಗೆ ನೆರವಾಗಿದೆ.

ಸಂಸ್ಕೃತದಲ್ಲಿ ಇದಕ್ಕೆ ಲಾಜ ಎಂದು ಹೆಸರು. ಮದುವೆಯ ಲಾಜಾಹೋಮದಲ್ಲಿ ವಧುವಿನ ಬೊಗಸೆಗೆ ಅವಳ ಅಣ್ಣನೋ ತಮ್ಮನೋ ಭತ್ತದ ಅರಳು ಸುರಿಯುತ್ತಾನೆ. ಮುಂದೆ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಹೋಗುವವನೂ ಅವನೇ, ಅವಳಿಗಾಗಿ ಕಟ್ಟಿಟ್ಟಿರುವುದೂ ಅರಳಿನ ಉಂಡಿಯೇ. ಎರಡಕ್ಕೂ ಗಂಟುಹಾಕಿ ಸಿದ್ಧಾಂತ ಕಟ್ಟುವ ಅಗತ್ಯವಿಲ್ಲ. ಕಾಳನ್ನು ಬೇಯಿಸದೆ, ಬೀಸದೆ, ಬರೀ ಬೆಂಕಿಯ ಕಾವಿನಿಂದ ತಿನ್ನಲು ಹದಗೊಳಿಸುವ ಬಹಳ ಹಳೆಯ ಉಪಾಯ ಇದು. ಹಳೆಯದೆಲ್ಲ ಶಾಸ್ತ್ರದೊಳಗೂ ಹಬ್ಬದೊಳಗೂ ಸೇರಿಕೊಳ್ಳುವುದು ಸಹಜ.

ಪಂಚಮಿಗೆ ಉಂಡಿಯೇ ಏಕೆ? ಹಬ್ಬದ ದಿನ ಒಲೆಯ ಮೇಲೆ ಹಂಚಿಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಆದ್ದರಿಂದಲೇ ಹಲವೆಡೆ ಮುಂಚಿತವಾಗಿಯೇ ರೊಟ್ಟಿ ಹಬ್ಬ ಮುಗಿಸುತ್ತಾರೆ. ತಿನಿಸೆಲ್ಲ ಮೊದಲೇ ಸಿದ್ಧವಾಗಿ, ಮಳೆಗಾಲದ ತೇವದಲ್ಲೂ ವಾರಗಟ್ಟಲೆ ಉಳಿಯಬೇಕು. ಬುತ್ತಿಯಲ್ಲಿ ಕಟ್ಟಿ ಬೀಗರ ಊರಿಗೆ ಒಯ್ಯಲೂ ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು, ಅಳ್ಳಿನ ಉಂಡಿ ಇವೆಲ್ಲ ಆ ಲೆಕ್ಕಕ್ಕೆ ಒಗ್ಗುವಂಥವು. ನೀರಿನಂಶ ಕಡಿಮೆ, ಬೆಲ್ಲ ಹೆಚ್ಚು. ಹೀಗಿರುವಲ್ಲಿ ಬೂಷ್ಟು ಬೇಗ ಹಿಡಿಯದು. ಮಕ್ಕಳಿಗೆ ಉಂಡಿಯ ಜೊತೆಗೆ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರನೆ ತಿರುಗಿಸುವ ಆಟವೂ ಇತ್ತು. ಆಟ ಸಾಕಾದ ಮೇಲೆ ಆಟಿಕೆಯನ್ನೇ ತಿಂದುಬಿಡುವ ಅನುಕೂಲ ಬೇರೆ ಯಾವ ಹಬ್ಬದಲ್ಲಿದೆಯೋ ಹುಡುಕಬೇಕು.

ಕಾಳು ಅರಳುವುದು ಹೇಗೆ? ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ಒಣಗಿದಂತೆ ಕಾಣುವ ಕಾಳಿನೊಳಗೂ ಸ್ವಲ್ಪ ನೀರಿರುತ್ತದೆ. ಪಾಪ್‌ಕಾರ್ನ್ ಕಾಳಿನಲ್ಲಿ ಅದು ತೂಕದ ಶೇಕಡಾ 14ರ ಸುಮಾರು ಇದ್ದರೆ ಚೆನ್ನ. ಕಾಳು ಕಾದಾಗ ಆ ನೀರು ಆವಿಯಾಗಬೇಕು, ಆದರೆ ಹೊರಗಿನ ಸಿಪ್ಪೆ ಗಟ್ಟಿಯಾಗಿರುವುದರಿಂದ ಆವಿಗೆ ದಾರಿಯಿಲ್ಲ. ಒಳಗೆ ಒತ್ತಡ ಏರುತ್ತದೆ, ಪಿಷ್ಟ ಗಂಜಿಯಂತೆ ಮೆತ್ತಗಾಗುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಒಡೆಯುತ್ತದೆ. ಆವಿ ಒಮ್ಮೆಲೆ ಹೊರನುಗ್ಗುತ್ತದೆ, ಮೆತ್ತಗಿನ ಪಿಷ್ಟ ನೊರೆಯಂತೆ ಉಬ್ಬಿ ತಣ್ಣಗಾಗಿ ಅಲ್ಲೇ ಗಟ್ಟಿಯಾಗುತ್ತದೆ. ಹೂವಿನಂತೆ ಕಾಣುವುದು ಆ ನೊರೆ. ಕಾಳು ನೆಗೆಯುವುದನ್ನೂ ‘ಪಟ್’ ಎನ್ನುವುದನ್ನೂ ವಿಜ್ಞಾನಿಗಳು ಸುಮ್ಮನೆ ಬಿಟ್ಟಿಲ್ಲ. 2015ರಲ್ಲಿ ಫ್ರಾನ್ಸಿನ ಇಬ್ಬರು ಸಂಶೋಧಕರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು. ಮೊದಲು ಹೊರಬರುವ ಪಿಷ್ಟದ ತುಣುಕೊಂದು ಕಾಲಿನಂತೆ ನೆಲವನ್ನು ಒದೆಯುವುದರಿಂದ ಕಾಳು ಲಾಗ ಹಾಕುತ್ತದೆ. ಸದ್ದು ಬರುವುದು ಸಿಪ್ಪೆ ಒಡೆದದ್ದರಿಂದಲ್ಲ, ಆವಿ ಹೊರಬಿದ್ದದ್ದರಿಂದ ಎಂದು ಅವರು ಕಂಡುಕೊಂಡರು.

ನಮ್ಮ ಅಜ್ಜಿಯರ ಬಳಿ ಕ್ಯಾಮೆರಾ ಇರಲಿಲ್ಲ, ಆದರೆ ನೀರಿನ ಗುಟ್ಟು ಗೊತ್ತಿತ್ತು. ಜೋಳವನ್ನು ಕುದಿನೀರಿಗೆ ಹಾಕಿ ತೆಗೆದು, ಸೋಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಆಮೇಲೆ ಹರವಿ ಮೇಲಿನ ಪಸೆ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಬಟ್ಟೆಯ ಉಂಡೆಯಿಂದ ಒತ್ತುತ್ತ ಹುರಿಯುತ್ತಾರೆ. ಬೇಕಾದಷ್ಟೇ ತೇವ ಕಾಳಿನ ಒಳಗೆ, ಮೈಮೇಲೆ ತೇವವಿಲ್ಲ. ಅದಕ್ಕೆಂದೇ ಬೆಳೆಯುವ ‘ಅಳ್ಳಿನ ಜೋಳ’ ಎಂಬ ತಳಿಯೂ ಉಂಟು. ರೊಟ್ಟಿಗೆ ಹೆಸರಾದ ಮಾಲದಂಡಿಯಿಂದ ಅಂಥ ಅರಳು ಬಾರದು. ಪ್ರತಿ ಮನೆಯೂ ಹೊಲದ ಒಂದು ಬದಿಗೆ ಹಬ್ಬಕ್ಕೆಂದು ನಾಲ್ಕು ಸಾಲು ಅಳ್ಳಿನ ಜೋಳ ಹಾಕುವ ರೂಢಿ ನಿಂತರೆ ತಳಿಯೂ ನಿಲ್ಲುತ್ತದೆ. ಬೀಜವನ್ನು ಡಬ್ಬಿಯಲ್ಲಿಟ್ಟು ಉಳಿಸುವುದಕ್ಕಿಂತ ತಿಂದು ಉಳಿಸುವುದು ಸುಲಭ. ಇದು ಕೇಳಲು ವಿಚಿತ್ರ, ಆದರೆ ರೈತರಿಗೆ ಹೊಸ ಮಾತಲ್ಲ.

ಕಳೆದ ಕೆಲವು ದಶಕಗಳಲ್ಲಿ ರಾಜ್ಯದಲ್ಲಿ ಜೋಳದ ಹೊಲ ಕುಗ್ಗಿದೆ, ದಾವಣಗೆರೆ, ಹಾವೇರಿಯ ಕಡೆ ಮೆಕ್ಕೆಜೋಳ ಹಬ್ಬಿದೆ. ಹಾಗೆಂದು ಮೆಕ್ಕೆಜೋಳವನ್ನು ಪರಕೀಯನೆಂದು ದೂರುವುದು ಸರಿಯಲ್ಲ. ಹೊಲದಲ್ಲಿ ಕಾಣುವ ಈ ಮೆಕ್ಕೆಜೋಳವೇ ಬೇರೆ, ಪಾಪ್‌ಕಾರ್ನಿನ ಕಾಳೇ ಬೇರೆ. ಮಾಮೂಲಿ ಗೋವಿನಜೋಳವನ್ನು ಎಷ್ಟು ಹುರಿದರೂ ಅದು ಬಿರುಕು ಬಿಡುತ್ತದೆಯೇ ಹೊರತು ಮಲ್ಲಿಗೆಯಾಗುವುದಿಲ್ಲ.

ಮೆಕ್ಕೆಜೋಳದ ತವರು ಮೆಕ್ಸಿಕೊ. ಪೆರು ದೇಶದ ಕರಾವಳಿಯ ಉತ್ಖನನಗಳಲ್ಲಿ ಸಿಕ್ಕಿದ ತೆನೆಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಲ್ಲಿಯ ಜನ 6,000 ವರ್ಷಗಳಿಗೂ ಹಿಂದೆಯೇ ಅರಳು ತಿನ್ನುತ್ತಿದ್ದರೆಂದು ಅದರಿಂದ ತಿಳಿದುಬಂತು. ಈ ಕತೆಯಲ್ಲಿ ಕರ್ನಾಟಕಕ್ಕೂ ಒಂದು ಸ್ವಾರಸ್ಯದ ಪಾತ್ರವಿದೆ. 13ನೇ ಶತಮಾನದ ಸೋಮನಾಥಪುರದ ಹೊಯ್ಸಳ ಗುಡಿಯಲ್ಲಿ ಕೆಲವು ಶಿಲ್ಪಗಳ ಕೈಯಲ್ಲಿ ತೆನೆಯಂಥ ವಸ್ತುವಿದೆ. ಅದು ಮೆಕ್ಕೆಜೋಳವೇ, ಕೊಲಂಬಸ್‌ಗೆ ಮೊದಲೇ ಅದು ಭಾರತಕ್ಕೆ ಬಂದಿತ್ತು ಎಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ವಾದಿಸಿದರು. ಅಲ್ಲ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಮುಕ್ತಾಫಲ ಎಂಬುದು ಎದುರು ಪಕ್ಷ. ಭಾರತೀಯ ಮೆಕ್ಕೆಜೋಳ ತಜ್ಞರೂ 1993ರಲ್ಲಿ ಮೊದಲಿನ ವಾದವನ್ನು ತಳ್ಳಿಹಾಕಿದರು. ಮುತ್ತಿನ ಪಕ್ಷವೇ ಹೆಚ್ಚು ಗಟ್ಟಿ. ಮೆಕ್ಕೆಜೋಳ ಅಷ್ಟು ಮೊದಲೇ ಬಂದಿದ್ದರೆ ನಮ್ಮ ಹಳೆಯ ಅಡುಗೆಯಲ್ಲಿ ಅದರ ಸುಳಿವು ಸಿಗಬೇಕಿತ್ತಲ್ಲವೆ?

ಅರಳಿಗೆ ಸಿಹಿ ಅಂಟಿಸುವ ಬುದ್ಧಿ ಮಾತ್ರ ಎಲ್ಲ ಕಡೆಯ ಮನುಷ್ಯರಿಗೂ ಬಂದಿದೆ. ಅಮೆರಿಕದಲ್ಲಿ ಪಾಪ್‌ಕಾರ್ನಿಗೆ ಕಾಕಂಬಿ ಬೆರೆಸಿ ಉಂಡೆ ಕಟ್ಟುವುದು ಹಳೆಯ ಮನೆಬಳಕೆ. ಷಿಕಾಗೋದ ರೂಖೈಮ್ ಸಹೋದರರು ಪಾಪ್‌ಕಾರ್ನ್, ಶೇಂಗಾ, ಕಾಕಂಬಿ ಸೇರಿಸಿದ ತಿಂಡಿಗೆ 1896ರಲ್ಲಿ ‘ಕ್ರ್ಯಾಕರ್ ಜ್ಯಾಕ್’ ಎಂದು ಹೆಸರಿಟ್ಟರು. 1912ರಿಂದ ಪ್ರತಿ ಪೊಟ್ಟಣದಲ್ಲೂ ಒಂದು ಪುಟ್ಟ ಆಟಿಕೆ ಇಡತೊಡಗಿದರು. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಲಿಯ ಸಭೆಯ ನಂತರ ಹೊರಟ ವಿವರಣೆ ನೆನಪಿರಬಹುದು. ಉಪ್ಪು, ಮಸಾಲೆ ಹಾಕಿದ ಬಿಡಿ ಪಾಪ್‌ಕಾರ್ನಿಗೆ ಅಂದಿನ ದರ ಶೇ 5, ಸಕ್ಕರೆ ಪಾಕ ಹತ್ತಿದ ಕ್ಯಾರಮೆಲ್ ಪಾಪ್‌ಕಾರ್ನಿಗೆ ಶೇ 18. ಪಾಕ ಹತ್ತಿತೆಂದರೆ ಅದು ಮಿಠಾಯಿ ಎಂಬುದು ಸರ್ಕಾರದ ವಾದ. ಜನ ಬೇಕಾದಷ್ಟು ನಕ್ಕರು. ಆದರೆ ಅಳ್ಳಿನ ಉಂಡಿ ಕಟ್ಟುವವರೂ ಅಳ್ಳಿಗಿಂತ ಆಣವೇ ಮುಖ್ಯ ಎನ್ನುವುದುಂಟು.

ಆಣವೆಂದರೆ ಬೆಲ್ಲದ ಪಾಕ. 4 ಬಟ್ಟಲು ಅರಳಿಗೆ 1 ಬಟ್ಟಲು ಪುಡಿಬೆಲ್ಲ, ಕಾಲು ಬಟ್ಟಲು ನೀರು, ಒಂದು ಚಮಚ ತುಪ್ಪ, ಏಲಕ್ಕಿ, ಹುರಿಗಡಲೆ, ಕೊಬ್ಬರಿ ತುರಿ. ಬೆಲ್ಲ ಕರಗಿದ ಮೇಲೆ ಒಮ್ಮೆ ಸೋಸಿ ಮತ್ತೆ ಕುದಿಸಬೇಕು. ಹದ ತಿಳಿಯಲು ಒಂದು ಬಟ್ಟಲು ತಣ್ಣೀರು ಸಾಕು. ಪಾಕದ ಹನಿ ನೀರಿನಲ್ಲಿ ಚದುರಿದರೆ ಇನ್ನೂ ಎಳಸು. ಬೆರಳಿನಿಂದ ಕೂಡಿಸಿದರೆ ಮೆತ್ತನೆಯ ಗೋಲಿಯಾದರೆ ಉಂಡಿ ಹಿಡಿಯುತ್ತದೆ, ಆದರೆ ಎರಡು ದಿನಕ್ಕೆ ಸಡಿಲವಾದೀತು. ಗೋಲಿ ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ‘ಟಣ್’ ಎಂದರೆ ಅದೇ ಹದ. ಅದನ್ನೂ ದಾಟಿದರೆ ಚಿಕ್ಕಿಯಾಗುತ್ತದೆ. ಅಜ್ಜ ಅಜ್ಜಿಯರ ಹಲ್ಲಿನ ಗತಿ ದೇವರೇ ಬಲ್ಲ. ಈ ತಣ್ಣೀರಿನ ಪರೀಕ್ಷೆಯನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಹನಿಯನ್ನು ನೀರಿಗೆ ಬಿಡುವುದು ದೊಡ್ಡವರ ಕೆಲಸ, ತಣಿದ ಗೋಲಿಯನ್ನು ಮುಟ್ಟಿ ತೀರ್ಪು ಹೇಳುವುದು ಮಕ್ಕಳ ಕೆಲಸ.

ಇಲ್ಲಿ ನಗೆಯನ್ನು ಬದಿಗಿಡಬೇಕು. ಹದಕ್ಕೆ ಬಂದ ಪಾಕದ ಬಿಸಿ 120 ಡಿಗ್ರಿ ದಾಟಿರುತ್ತದೆ, ಅಂದರೆ ಕುದಿಯುವ ನೀರಿಗಿಂತ ಹೆಚ್ಚು. ನೀರು ಬಿದ್ದರೆ ಹರಿದು ಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಒಲೆ, ಪಾಕ, ಪಾಕಕ್ಕೆ ಅರಳು ಸುರಿದು ತಿರುವುವುದು, ಈ ಮೂರೂ ದೊಡ್ಡವರವೇ. ಆ ಹೊತ್ತಿಗೆ ಮಕ್ಕಳು ಒಲೆಯಿಂದ ನಾಲ್ಕು ಮಾರು ದೂರವಿರಬೇಕು. ಅಕಸ್ಮಾತ್ ತಾಗಿದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದರೆ ವೈದ್ಯರ ಬಳಿ ಹೋಗಬೇಕು. ಇನ್ನೊಂದು ಮಾತು: 4 ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನನ್ನಾಗಲಿ ಇಡೀ ಶೇಂಗಾವನ್ನಾಗಲಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ಅರಳನ್ನು ಪುಡಿಮಾಡಿ ಬೆಲ್ಲ, ಹಾಲು ಕಲಸಿ ಕೊಟ್ಟರೆ ಅಳ್ಳಿಟ್ಟೇ ಆಯಿತು.

ಹಾಗಾದರೆ ಮಕ್ಕಳಿಗೆ ಉಳಿದದ್ದೇನು? ಬಹಳವಿದೆ. ಹುರಿದ ಅರಳನ್ನು ಮೊರಕ್ಕೆ ಹಾಕಿ ಅರಳದ ಕಾಳನ್ನು ಆರಿಸಿ ತೆಗೆಯುವುದು ಅವರದೇ ಕೆಲಸ. ಒಂದು ಕಾಳು ಉಳಿದರೂ ಯಾರದೋ ಹಲ್ಲು ಹೋದೀತೆಂದು ಹೇಳಿದರೆ ಸಾಕು, ಪೊಲೀಸರಂತೆ ಹುಡುಕುತ್ತಾರೆ. ಆರಿಸಿದ ಕಾಳು ಎಷ್ಟಾಯಿತೆಂದು ಎಣಿಸಲಿ. ಏಕೆ ಅರಳಲಿಲ್ಲವೆಂದು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಲಿ. ಸಿಪ್ಪೆ ಸೀಳಿದ್ದರೆ ಆವಿ ಮೊದಲೇ ಸೋರಿಹೋಗಿದೆ ಎಂದು ಅವರೇ ಕಂಡುಹಿಡಿಯುತ್ತಾರೆ.

ಮಿಶ್ರಣ ಮುಟ್ಟಲು ಬರುವಷ್ಟು ಆರಿದೊಡನೆ ಉಂಡಿ ಕಟ್ಟಬೇಕು. ಸಮಯ ಬಹಳ ಸಿಗದು. ಒಂದೆರಡು ನಿಮಿಷ ತಡವಾದರೆ ಎಲ್ಲವೂ ಬಾಣಲೆಯಲ್ಲೇ ಒಂದು ಉಂಡಿಯಾಗುತ್ತದೆ. ಮೊದಲು ದೊಡ್ಡವರು ಮುಟ್ಟಿ ನೋಡಿ, ಹಿತವಾದ ಬಿಸಿ ಇದ್ದರೆ ಮಾತ್ರ ಒಂದೊಂದು ಹಿಡಿಯನ್ನು ಮಕ್ಕಳ ಮುಂದಿನ ತಟ್ಟೆಗೆ ಹಾಕಬೇಕು. ಅಂಗೈಗೆ ತುಪ್ಪ ಸವರಿಕೊಂಡರೆ ಪಾಕ ಕೈಗೆ ಅಂಟದು. ತುಪ್ಪ ಹಚ್ಚದೆ ಒಮ್ಮೆ ಕಟ್ಟಲು ಬಿಟ್ಟು ನೋಡಿ, ಅರಳೆಲ್ಲ ಬೆರಳಿಗೆ ಗಡ್ಡದಂತೆ ಹತ್ತಿಕೊಳ್ಳುತ್ತದೆ. ಆ ನಗೆಗಾಗಿ ಒಂದು ಹಿಡಿ ಅರಳು ಹಾಳಾದರೆ ಚಿಂತೆಯಿಲ್ಲ, ಅದೂ ಹೊಟ್ಟೆಗೇ ಹೋಗುವುದು. ಜೋರಾಗಿ ಒತ್ತಿದರೆ ಅರಳು ಮುರಿದು ಕಲ್ಲಾಗುತ್ತದೆ, ಮೆಲ್ಲಗೆ ಹಿಡಿದರೆ ಉದುರುತ್ತದೆ. ಎಷ್ಟು ಒತ್ತಬೇಕೆಂದು ಯಾವ ಅಡುಗೆ ಪುಸ್ತಕವೂ ಬರೆಯಲಾರದು, ಮೂರನೆಯ ಉಂಡಿಗೆ ಮಗುವಿನ ಕೈಗೇ ಗೊತ್ತಾಗುತ್ತದೆ. ಉಂಡಿಗಳು ಒಂದೇ ಗಾತ್ರಕ್ಕೆ ಬರಲಿ ಎಂದು ತಿದ್ದಲು ಹೋಗಬೇಡಿ. ಹಾವಿನ ಹೆಡೆ, ಬುಗುರಿ, ಮಾವನ ಮೂಗು, ಏನು ಬೇಕಾದರೂ ಆಗಲಿ.

ಅಳ್ಳಿನ ಜೋಳ ಸಿಗದ ಊರಿನಲ್ಲಿ ಭತ್ತದ ಅರಳೂ ಆದೀತು, ಎಣ್ಣೆ, ಉಪ್ಪು ಹಾಕದ ಪಾಪ್‌ಕಾರ್ನೂ ಆದೀತು. ಮಂಡಕ್ಕಿಯಲ್ಲೂ ಕಟ್ಟಬಹುದು, ಆದರೆ ಅದು ಅರಳಿದ ಕಾಳಲ್ಲ. ಬೇಯಿಸಿ ಒಣಗಿಸಿದ ಅಕ್ಕಿ ಕಾದ ಮರಳಿನಲ್ಲಿ ಉಬ್ಬಿದ್ದು ಅದು. ಒಂದೇ ದಿನ ಮೂರೂ ಬಗೆ ಮಾಡಿ, ಯಾವುದು ಹೆಚ್ಚು ಗರಿಗರಿ ಎಂದು ಮಕ್ಕಳೇ ಹೇಳಲಿ.

ಕಟ್ಟಿದ ಉಂಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಸ್ವಲ್ಪ ಇರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ ಮುಚ್ಚಳ ತೆರೆದಿಟ್ಟರೆ ಸಂಜೆಯೊಳಗೆ ಉಂಡಿ ಬೆವರುತ್ತದೆ, ಅರಳು ಚರ್ಮದಂತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಮುಚ್ಚಳ ಮುಚ್ಚಿರುವುದು ಕಷ್ಟ. ಸಣ್ಣ ಸಣ್ಣ ಡಬ್ಬಿಗಳಲ್ಲಿ ಹಂಚಿಟ್ಟು ದಿನಕ್ಕೊಂದು ತೆರೆಯುವುದು ಲೇಸು. ಇನ್ನು ಬಾಣಲೆಯ ತಳಕ್ಕೆ ಕಚ್ಚಿಕೊಂಡ ಪಾಕವನ್ನು ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಬಿಸಿನೀರು ಹುಯ್ದು ಕಾಲು ಗಂಟೆ ಬಿಟ್ಟರೆ ತಾನೇ ಕರಗುತ್ತದೆ. ಅದಕ್ಕೆ ಮೊದಲು, ಬಾಣಲೆ ಪೂರ್ತಿ ತಣ್ಣಗಾಗಿದೆಯೆಂದು ನೋಡಿಕೊಂಡು, ಕೆರೆದು ತಿನ್ನಲು ಕಾದು ಕುಳಿತವರನ್ನು ಕರೆಯಿರಿ.