ತೋಳಿನೊಳಗಿನ ಜುಮ್ಮು

ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವ ತಾಯಂದಿರು ವೈದ್ಯರ ಮುಂದೆ ಹಿಂಜರಿಯುತ್ತಲೇ ಇಡುವ ಪ್ರಶ್ನೆ ಒಂದುಂಟು: “ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬಹುದಾ ಡಾಕ್ಟ್ರೇ?” ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕಾದವರು ಸಮುದ್ರ ದಾಟುವ ಮಾತಾಡುತ್ತಾರೆ. ಆ ಆಸೆಗೆ ದಾರಿಯಾದದ್ದು ಹೇಗೆ ಎಂಬುದು ಇವತ್ತಿನ ಮಾತು.

ಉಪ್ಪು ಬೆರೆಸಿದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಟ್ಟರೆ ಉಪ್ಪು ಹೊರಗೆ ಹೋಗುತ್ತದೆ, ಕಾಳು ಒಳಗೇ ಉಳಿಯುತ್ತದೆ. ಸ್ಕಾಟ್ಲೆಂಡ್ ಮೂಲದ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ‘ಡಯಾಲಿಸಿಸ್’ ಎಂದು ಹೆಸರಿಟ್ಟದ್ದು ಇಂಥದೇ ಕ್ರಿಯೆಗೆ. ಇಂದಿನ ಯಂತ್ರದಲ್ಲೂ ತೆಳುವಾದ ಪೊರೆಯ ಒಂದು ಬದಿ ರಕ್ತ, ಇನ್ನೊಂದು ಬದಿ ಲವಣದ ನೀರು. ಯೂರಿಯಾ, ಪೊಟ್ಯಾಸಿಯಂ ಆಚೆ ದಾಟುತ್ತವೆ, ರಕ್ತಕಣ ದಾಟುವುದಿಲ್ಲ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು.

ಮನುಷ್ಯನ ಮೇಲೆ ಇದನ್ನು ಮೊದಲು ಪ್ರಯೋಗಿಸಿದವರು ಜರ್ಮನಿಯ ಗೀಸೆನ್‌ನ ಗಿಯೋರ್ಗ್ ಹಾಸ್. 1924ರಲ್ಲಿ, ಬರೀ ಹದಿನೈದು ನಿಮಿಷ. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ. ನಾಜಿ ಸೈನ್ಯ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲ. ಸಾಮಾನು ಸಿಗದ ಆ ದಿನಗಳಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯರು, ಮಾಂಸದ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಯಂತ್ರ ಕಟ್ಟಿದರು. 1943ರಿಂದ ಚಿಕಿತ್ಸೆ ಪಡೆದ ಮೊದಲಿಗರಲ್ಲಿ ಬಹುತೇಕರು ಬದುಕಲಿಲ್ಲ. ಕೋಲ್ಫ್ ಕೈಬಿಡಲಿಲ್ಲ. 1945ರಲ್ಲಿ ಎಚ್ಚರ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಯಂತ್ರದ ಪಕ್ಕದಲ್ಲೇ ಕಣ್ಣು ತೆರೆದರು. ಮುಂದೆ ಇನ್ನೂ ಹಲವು ವರ್ಷ ಬದುಕಿದರು. ಯುದ್ಧ ಮುಗಿದ ಮೇಲೆ ಕೋಲ್ಫ್ ತಮ್ಮ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ಹಾಗೆಯೇ ಕೊಟ್ಟುಬಿಟ್ಟರು. ಇದನ್ನು ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕು. ನಾಳಗಳು ಮುಗಿದರೆ ಚಿಕಿತ್ಸೆಯೂ ಮುಗಿಯಿತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಕೂಡಿಸಿದರು. ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದರು. ಆಗ ಯಂತ್ರಗಳು ಬೆರಳೆಣಿಕೆಯಷ್ಟು. ಯಾರಿಗೆ ಚಿಕಿತ್ಸೆ ಕೊಡಬೇಕೆಂದು ತೀರ್ಮಾನಿಸಲು ಅಲ್ಲಿ ಸಮಿತಿಯೊಂದಿತ್ತು. ಚಿಕಿತ್ಸೆ ಸಿಗದ ಹದಿಹರೆಯದ ಹುಡುಗಿಯೊಬ್ಬಳಿಗಾಗಿ ಎಂಜಿನಿಯರ್ ಲೆಸ್ ಬಾಬ್ ಕೆಲವೇ ತಿಂಗಳಲ್ಲಿ ಮನೆಯಲ್ಲಿ ಇಡಬಹುದಾದ ಯಂತ್ರ ಮಾಡಿಕೊಟ್ಟರು. 1964ರಲ್ಲಿ ಡಯಾಲಿಸಿಸ್ ಹೀಗೆ ಆಸ್ಪತ್ರೆಯ ಹೊಸಿಲು ದಾಟಿತು.

1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು ಫಿಸ್ಟುಲಾ ವಿಧಾನವನ್ನು ಪ್ರಕಟಿಸಿದರು. ಮಣಿಕಟ್ಟಿನ ಬಳಿ ಅಪಧಮನಿಯನ್ನೂ ಅಭಿಧಮನಿಯನ್ನೂ ಚರ್ಮದ ಕೆಳಗೇ ಜೋಡಿಸುವುದು. ಹೊರಗೆ ನೇತಾಡುವ ಕೊಳವೆ ಇಲ್ಲ. ಕೆಲವು ವಾರಗಳಲ್ಲಿ ನಾಳ ದಪ್ಪವಾಗುತ್ತದೆ, ಮುಟ್ಟಿದರೆ ಜುಮ್ಮೆನ್ನುತ್ತದೆ. ಪ್ರಯಾಣ ಹೊರಟವರು ಜೋಪಾನವಾಗಿ ಒಯ್ಯಬೇಕಾದ ಸಾಮಾನೆಂದರೆ ಇದೇ. ಆ ಕೈಯಲ್ಲಿ ಭಾರದ ಬ್ಯಾಗ್ ಹಿಡಿಯಬಾರದು, ಬಿ.ಪಿ. ನೋಡಿಸಬಾರದು, ರಕ್ತ ತೆಗೆಸಬಾರದು.

ಇನ್ನು ಹೊರಡುವ ಸಿದ್ಧತೆ. ಟಿಕೆಟ್ ತೆಗೆಯುವ ಮೊದಲು ನೀವು ಹೋಗುವ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಜಾಗ ಕೇಳಿ. ತಿಂಗಳುಗಳ ಮೊದಲೇ ಕೇಳಿದರೆ ಒಳ್ಳೆಯದು. ನಿಮ್ಮ ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ, ಇತ್ತೀಚಿನ ಸೆಷನ್‌ಗಳ ಚಾರ್ಟ್, ಮಾತ್ರೆಗಳ ಪಟ್ಟಿಯನ್ನು ಅವರು ಕೇಳುತ್ತಾರೆ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿಗಳೂ ಹೊಸದಾಗಿರಬೇಕು. ಮರಳಿದ ಮೇಲೆ ನಮ್ಮ ಕೇಂದ್ರದವರು ಮತ್ತೆ ಪರೀಕ್ಷೆ ಮಾಡಿಸಿದರೆ ಬೇಸರ ಬೇಡ. ಪಕ್ಕದ ಮಂಚದವರ ರಕ್ಷಣೆಗಾಗಿಯೇ ಅದು. ಖರ್ಚನ್ನು ಮೊದಲೇ ವಿಚಾರಿಸಿಕೊಳ್ಳಿ, ಇಲ್ಲಿನ ವಿಮೆ ಅಲ್ಲಿಗೆ ಅನ್ವಯಿಸದೇ ಇರಬಹುದು.

ಹೊರಡುವ ಮುನ್ನಾದಿನ ಡಯಾಲಿಸಿಸ್ ಆಗುವಂತೆ ವೈದ್ಯರೊಂದಿಗೆ ಮಾತಾಡಿ ದಿನ ಹೊಂದಿಸಿಕೊಳ್ಳಿ. ಬೀಳ್ಕೊಡಲು ಬಂದವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಕೈಗಿಡುತ್ತಾರೆ. ಅದರಲ್ಲಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಕೈ ಮುಗಿದು ಬೇಡ ಎನ್ನಿ.

ಅಲ್ಲಿ ನಿಮ್ಮನ್ನು ಮಂಚದ ಮೇಲೆ ಮಲಗಿಸುವ ನರ್ಸಿಗೆ ಕನ್ನಡ ಬಾರದು. ಅವರು ಮೊದಲು ನಿಮ್ಮ ತೋಳಿನ ಮೇಲೆ ಬೆರಳಿಟ್ಟು ಆ ಜುಮ್ಮು ಇದೆಯೇ ಎಂದು ನೋಡುತ್ತಾರೆ. ಊರಿನಲ್ಲಿ ದಿನವೂ ಬೆಳಿಗ್ಗೆ ನೀವು ನೋಡಿಕೊಳ್ಳುವುದೂ ಅದನ್ನೇ.