ಸದ್ದಿಲ್ಲದೆ ಬರುವ ಹಲ್ಲು

ಹಾಲುಹಲ್ಲು ಬಿದ್ದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಆದರೆ ಮಗುವಿಗೆ 6 ವರ್ಷವಾಗುವ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಸಾಲಿನ ಹಿಂದೆ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಹುಳುಕಾದರೂ ಬಿದ್ದು ಬೇರೆ ಬರುತ್ತದೆಂದು ಹಿರಿಯರು ಸುಮ್ಮನಿರುತ್ತಾರೆ. ಬೇರೆ ಬಾರದು, ಬಾಳಿನುದ್ದಕ್ಕೂ ಅಗಿಯಬೇಕಾದ ಹಲ್ಲು ಅದೇ.

ಅದರ ಮೇಲ್ಮೈಯ ಗೀರುಗಳು ಬ್ರಷ್ಷಿನ ಎಳೆಗಿಂತಲೂ ಕಿರಿದು. ಅಲ್ಲಿ ಅವಿತ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವಾಗಿಸಿ ಹಲ್ಲನ್ನು ಕೊರೆಯುತ್ತವೆ. ಆಮ್ಲ ಸವರಿದ ಹಲ್ಲಿಗೆ ರಾಳವು ಭದ್ರವಾಗಿ ಅಂಟುವುದೆಂದು ಅಮೆರಿಕದ ದಂತವಿಜ್ಞಾನಿ ಮೈಕೇಲ್ ಬುವೊನೊಕೋರ್ 1955ರಲ್ಲಿ ತೋರಿಸಿದರು. ಆ ಉಪಾಯದಿಂದಲೇ ದಂತವೈದ್ಯರು ಈ ಗೀರುಗಳನ್ನು ಮುಚ್ಚುತ್ತಾರೆ. ಕೊರೆತವಿಲ್ಲ, ಸೂಜಿಯಿಲ್ಲ, ಕೆಲವೇ ನಿಮಿಷಗಳ ಕೆಲಸ. ಹಾಗೆಂದು ಹಲ್ಲುಜ್ಜುವುದನ್ನು ಬಿಡುವಂತಿಲ್ಲ.

ಇಂಥದೇ ಇನ್ನೊಂದು ದವಡೆಹಲ್ಲು 12ರ ಸುಮಾರಿಗೆ ಬರುತ್ತದೆ. ಎರಡು ಸಲವೂ ಮಗುವಿನ ಬಾಯಿ ತೆರೆಸಿ ನೋಡಿರಿ. ನೋವು ಎಳೆದೊಯ್ಯುವ ಮುನ್ನ ನಾವಾಗಿ ವೈದ್ಯರಲ್ಲಿಗೆ ಹೋಗುವುದು ಲೇಸು.